ಚಿನ್ನದೂರಿನ ಪಡಖಾನೆಗೂ ಚರಿತ್ರೆ ಬೇಡವೇ?

ಗಣಿಯನ್ನು ಎಷ್ಟು ಆಳ ತೋಡಿದರು, ಎಷ್ಟು ಚಿನ್ನ ತೆಗೆದರು ಎಂಬ ಲೆಕ್ಕದಲ್ಲೇ ಕೋಲಾರ ಚಿನ್ನದ ಗಣಿಯ ಚರಿತ್ರೆಯನ್ನು ಹೇಳುವುದು ನಮಗೆ ರೂಢಿಯಾಗಿದೆ. ಆ ಆಳದಿಂದ ಮೇಲೆ ಬಂದವನು ಸಂಜೆ ಎಲ್ಲಿ ಕುಳಿತ, ಅವನ ಕೂಲಿ ಯಾರ ಗಲ್ಲಾಪೆಟ್ಟಿಗೆ ಸೇರಿತು ಎಂಬ ಪ್ರಶ್ನೆ ಮಾತ್ರ ಚರಿತ್ರೆಯ ಹೊರಗೇ ಉಳಿದಿದೆ.

ಇದು ಕ್ಷುಲ್ಲಕ ಪ್ರಶ್ನೆಯಲ್ಲ. ಆಸ್ಟ್ರೇಲಿಯಾದ ಬಲ್ಲಾರಟ್, ಚಿನ್ನದಾಸೆಗೆ ನೆರೆದವರಿಂದ ಬೆಳೆದ ಊರು. ಅಲ್ಲಿ ಜೇಮ್ಸ್ ಬೆಂಟ್ಲಿ ಎಂಬಾತ ನಡೆಸುತ್ತಿದ್ದ ಯುರೇಕಾ ಹೋಟೆಲಿನ ಬಳಿ 1854ರ ಅಕ್ಟೋಬರ್ 7ರ ನಸುಕಿನಲ್ಲಿ ಜೇಮ್ಸ್ ಸ್ಕೋಬಿ ಎಂಬ ಗಣಿಗಾರ ಕೊಲೆಯಾದ. ಆರೋಪ ಬೆಂಟ್ಲಿಯ ಮೇಲೆ ಬಂತು. ಸ್ಥಳೀಯ ಮ್ಯಾಜಿಸ್ಟ್ರೇಟರು ಅವನನ್ನು ಬಿಟ್ಟುಬಿಟ್ಟರು. ಅಧಿಕಾರಿಗಳಿಗೂ ಹೋಟೆಲಿನವನಿಗೂ ಒಳಒಪ್ಪಂದವಿದೆಯೆಂದು ನಂಬಿದ ಗಣಿಗಾರರು ಅಕ್ಟೋಬರ್ 17ರಂದು ಹೋಟೆಲನ್ನೇ ಸುಟ್ಟರು. ಮರುವಿಚಾರಣೆಯಲ್ಲಿ ಬೆಂಟ್ಲಿಗೆ ಮೂರು ವರ್ಷದ ಕಠಿಣ ಶಿಕ್ಷೆಯಾಯಿತು. ಆದರೆ ಗಣಿ ಪರವಾನಗಿ ಶುಲ್ಕದ ವಿರುದ್ಧ ಮೊದಲೇ ಕುದಿಯುತ್ತಿದ್ದ ಸಿಟ್ಟು ತಣಿಯಲಿಲ್ಲ; ಡಿಸೆಂಬರ್ 3ರಂದು ಸೈನಿಕರೊಡನೆ ನಡೆದ ಘರ್ಷಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ದೇಶದ ಪ್ರಜಾಸತ್ತೆಯ ಕಥೆಯಲ್ಲಿ ಈ ಹೋಟೆಲಿಗೂ ಅದರ ಮಾಲೀಕನಿಗೂ ಇಂದಿಗೂ ಜಾಗವಿದೆ.

ಕೆಜಿಎಫ್‌ನಲ್ಲಿ ಹಾಗಿಲ್ಲ. ನ್ಯೂಜಿಲೆಂಡಿನ ಯುದ್ಧದಿಂದ ಮರಳಿದ ಐರಿಷ್ ಸೈನಿಕ ಲ್ಯಾವೆಲ್ 1870ರ ದಶಕದಲ್ಲಿ ಇಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1885ರಲ್ಲಿ ಕೆಜಿಎಫ್ ಕ್ಲಬ್ಬು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು. ಬಿಳಿಯರು ಕುಡಿದ ಕ್ಲಬ್ಬಿನ ವರ್ಷ ನಮಗೆ ಬಾಯಿಪಾಠ. ತಮಿಳು ಸೀಮೆಯಿಂದ ಬಂದ, ಬಹುಪಾಲು ದಲಿತರಾದ ಕಾರ್ಮಿಕರು ಕುಡಿದ ಪಡಖಾನೆಯ ನೆನಪಿಗೆ ಒಂದು ಫಲಕವೂ ಇಲ್ಲ.

ಆದರೆ ಆ ಪಡಖಾನೆ ಖಾಸಗಿ ವ್ಯಸನದ ತಾಣ ಮಾತ್ರವಾಗಿರಲಿಲ್ಲ. ಸಾರಾಯಿ, ಹೆಂಡ ಮಾರುವ ಹಕ್ಕನ್ನು ಹರಾಜು ಹಾಕಿದ್ದು ಸರ್ಕಾರವೇ. ಹರಾಜಿನಲ್ಲಿ ಗೆದ್ದ ಗುತ್ತಿಗೆದಾರ ತನ್ನ ಹಣವನ್ನು ಲಾಭಸಮೇತ ಕಾರ್ಮಿಕನ ಜೇಬಿನಿಂದಲೇ ಎತ್ತಬೇಕಿತ್ತು. ಗಣಿಯಿಂದ ರಾಜಧನ, ಗಣಿಯವನ ಲೋಟದಿಂದ ಅಬಕಾರಿ: ಖಜಾನೆಗೆ ಎರಡು ಕಡೆಯಿಂದಲೂ ಆದಾಯ!

ನಮ್ಮ ಕೈವಾರವನ್ನು ಏಕಚಕ್ರನಗರವೆಂದೂ ಬಕಾಸುರ ಸತ್ತದ್ದು ಇಲ್ಲಿಯೇ ಎಂದೂ ಹಿರಿಯರು ನಂಬಿದ್ದಾರೆ. ದಿನಕ್ಕೊಂದು ಮನೆಯಿಂದ ಬಂಡಿ ಅನ್ನ, ಜೊತೆಗೊಬ್ಬ ಮನುಷ್ಯ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಕೈವಾರವೂ ಕೆಜಿಎಫ್ ಇದ್ದ ಕೋಲಾರ ಜಿಲ್ಲೆಗೇ ಸೇರಿತ್ತು. ಗಣಿ ಮನುಷ್ಯನನ್ನೂ ಪಡಖಾನೆ ಅವನ ಅನ್ನವನ್ನೂ ತಿಂದ ಆ ಊರಿನ ಕಥೆ ಕೇಳುವಾಗ ನನಗೆ ಬಕಾಸುರನೇ ನೆನಪಾಗುತ್ತಾನೆ.

ಹಾಗೆಂದು ಕುಡಿದವನನ್ನು ಹಂಗಿಸಿ ಕೈತೊಳೆದುಕೊಳ್ಳುವುದು ಸುಲಭದ ನೀತಿ. ಭೂಮಿಯೊಳಗಿನ ಕಾವು, ಬಂಡೆ ಸಿಡಿತದ ಭಯಗಳ ನಡುವೆ ದುಡಿದು ಬಂದವನಿಗೆ ಕ್ಲಬ್ಬಿನ ಹುಲ್ಲುಹಾಸು ಇರಲಿಲ್ಲ. ಅವನು ನಾಲ್ಕು ಜನರೊಡನೆ ಕುಳಿತು ಮೇಸ್ತ್ರಿಯನ್ನು ಬೈಯಲು, ಸತ್ತವನನ್ನು ನೆನೆಯಲು ಬೇರೆ ಜಾಗವಾದರೂ ಎಲ್ಲಿತ್ತು? ಆ ಲೋಟದ ಬೆಲೆಯನ್ನು ಮನೆಯಲ್ಲಿ ತೆತ್ತ ಹೆಂಗಸರ ಮಾತೂ ಇದೇ ಚರಿತ್ರೆಯ ಭಾಗ.

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ರಾಜ್ಯದಲ್ಲಿ ಸಾರಾಯಿ 2007ರ ಜುಲೈ 1ರಿಂದ ನಿಷೇಧವಾಯಿತು. ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನಕ್ಕಾಗಿ 13 ದಿಬ್ಬಗಳನ್ನು ಮತ್ತೆ ಶೋಧಿಸಲು ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿತು. ಕಸದಲ್ಲಿ ಚಿನ್ನ ಹುಡುಕುವ ಈ ಶ್ರದ್ಧೆಯ ಒಂದಂಶವನ್ನಾದರೂ ಹಳೆಯ ಅಬಕಾರಿ ಹರಾಜಿನ ಕಡತಗಳಿಗೂ ಕಾರ್ಮಿಕ ಕುಟುಂಬಗಳ ಹಿರಿಯರ ನೆನಪುಗಳಿಗೂ ನಮ್ಮ ವಿಶ್ವವಿದ್ಯಾಲಯಗಳು ಮೀಸಲಿಡಲಿ. ದಿಬ್ಬಗಳು ಇನ್ನಷ್ಟು ವರ್ಷ ಕಾಯಬಲ್ಲವು. ಆ ಹಿರಿಯರು ಕಾಯಲಾರರು.