ಚಿನ್ನದ ಕಣ ಬರುವ ತನಕ

ಕ್ಯಾನ್ಸರಿಗೆ ಬೆಳಕಿನ ಮದ್ದು ಬಂತಂತೆ ಎಂದು ಪತ್ರಿಕೆಯಲ್ಲಿ ಸುದ್ದಿಯಾದ ದಿನ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಜಗಲಿಗಳಲ್ಲಿ ಗಂಡಸರು ಒಂದು ಕವಳ ಹೆಚ್ಚಿಗೇ ಹಾಕುತ್ತಾರೆ. ‘ಇನ್ನೇನು ಹೆದರಿಕೆ!’ ನನಗೆ ಆ ಮದ್ದಿನ ಮೇಲೆ ಸಿಟ್ಟಿಲ್ಲ, ಈ ನೆಮ್ಮದಿಯ ಮೇಲೆ ಸಿಟ್ಟು.

ಮದ್ದು ಸುಳ್ಳಲ್ಲ. ತಲೆಗೂದಲ ದಪ್ಪದ ನೂರರಲ್ಲೊಂದು ಪಾಲಿಗಿಂತಲೂ ಸಣ್ಣದಾದ, ಚಿನ್ನದ ಲೇಪವಿರುವ ಕಣಗಳನ್ನು ರಕ್ತಕ್ಕೆ ಬಿಡುತ್ತಾರೆ. ಗೆಡ್ಡೆಯ ರಕ್ತನಾಳಗಳು ಸೋರುವಂಥವು. ಕಣಗಳು ಅಲ್ಲಿ ಹೋಗಿ ಕೂರುತ್ತವೆ. ಲೇಸರ್ ಬೆಳಕು ತಾಗಿಸಿದರೆ ಕಣ ಕಾದು ಗೆಡ್ಡೆ ಬೇಯುತ್ತದೆ. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 16 ಗಂಡಸರಿಗೆ ಹೀಗೆ ಮಾಡಿದ ವರದಿ 2019ರಲ್ಲಿ ಬಂತು. ಹದಿನಾರೇ ಜನ! ಬೆಳಕಿಗೆ ಕೆರಳುವ ಇನ್ನೊಂದು ಔಷಧಿಗೆ (ಅದರಲ್ಲಿ ಚಿನ್ನವಿಲ್ಲ) ಜಪಾನ್ 2020ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆಂದು ಒಪ್ಪಿಗೆ ಕೊಟ್ಟಿತು, ಅದೂ ಕೊಯ್ದು ತೆಗೆಯಲಾಗದ ಸ್ಥಿತಿಯವರಿಗೆ. ಬೆಳಕು ಮೈಯೊಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಬಾಯಿಯಂಥ, ಕಣ್ಣಿಗೆ ಕಾಣುವ ಜಾಗಕ್ಕೆ ಅದು ಹೊಂದುತ್ತದೆ. ಸರಿ, ಕಣ್ಣಿಗೆ ಕಾಣುವ ಜಾಗವನ್ನು ನಾವು ನೋಡುವುದು ಯಾವಾಗ?

ಅಡಿಕೆಯ ಮಾತೆತ್ತಿದರೆ ನಮ್ಮಲ್ಲಿ ಮಾನದ ಪ್ರಶ್ನೆ. ನಾನೂ ಅಡಿಕೆಯ ಅನ್ನವನ್ನೇ ಉಂಡವಳು. ಮಕ್ಕಳ ಫೀಸು, ಕೊರಳ ಸರ ಎಲ್ಲ ಅದರದ್ದೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ, ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ‘ನಮ್ಮಜ್ಜಿ ತೊಂಬತ್ತರ ತನಕ ಕವಳ ಹಾಕಿದಳು’ ಅನ್ನುತ್ತೀರಿ. ಅಜ್ಜಿಯ ಓರಗೆಯವರಲ್ಲಿ ಬಾಯಿಹುಣ್ಣೆಂದು ಗಂಜಿ ಕುಡಿಯುತ್ತಲೇ ಹೋದವರನ್ನು ಯಾರು ಲೆಕ್ಕ ಇಟ್ಟಿದ್ದಾರೆ?

ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ನಡುರಾತ್ರಿವರೆಗೆ ಕೂತು ಸುಲಿಯುವ ಹೆಂಗಸರು ನಿದ್ದೆ ತಡೆಯಲು ಕವಳಕ್ಕೆ ಹೊಗೆಸೊಪ್ಪು ಸೇರಿಸಿ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಖಾರ ತಾಗಿದರೆ ಉರಿ, ಬಾಯಿ ಮೊದಲಿನಷ್ಟು ಅಗಲ ತೆರೆಯದು. ‘ಉಷ್ಣ ಆಗಿದೆ ಅಮ್ಮ’ ಎಂದು ಮಜ್ಜಿಗೆ ಕುಡಿದು ಮತ್ತೆ ಸುಲಿಯುತ್ತಾರೆ. ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಇದ್ದಷ್ಟು ಕಾಲ, ತೊಗಟೆಯ ಔಷಧಿಗೆಂದು ಹೊರರಾಜ್ಯದವರೂ ಸಾಲು ನಿಲ್ಲುತ್ತಿದ್ದರು. ಆ ಸಾಲನ್ನು ಹಳಿಯಲಾರೆ. ಬೇರೆ ದಾರಿ ಕಾಣದವರು ಎಷ್ಟೋ ಮಂದಿ ಅಲ್ಲಿದ್ದರು. ಆದರೆ ಕಡೇ ಗಳಿಗೆಯ ಆಸೆಗೆ ಅಷ್ಟು ದೂರ ಹೋಗುವ ನಾವು, ಮೊದಲ ಬಿಳಿ ಮಚ್ಚೆಗೆ ತಾಲೂಕು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದರು. ತಂಬಾಕು, ಹೆಂಡದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲೊಂದು ಪಾಲು ಇಳಿಯಿತು. ವರದಿ ಬಂದದ್ದು 2005ರಲ್ಲಿ. ನಮ್ಮ ಕೇಂದ್ರ ಸರಕಾರವೂ 30 ದಾಟಿದವರ ಬಾಯಿ ಪರೀಕ್ಷಿಸಬೇಕೆಂದು 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಿಮ್ಮ ಬಾಯಿ ಯಾರಾದರೂ ನೋಡಿದರೇ?

ಸುಲಿಗೆ ನಡೆಯುವ ಅಂಗಳಕ್ಕೇ ಆಶಾ ಕಾರ್ಯಕರ್ತೆಯನ್ನು ಕರೆಸಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಿಗಿಯಾದ ಕೆನ್ನೆ ಕಂಡರೆ ಅವತ್ತಿನ ಸಂಬಳ ಕೊಟ್ಟೇ ಆಸ್ಪತ್ರೆಗೆ ಕಳಿಸಿ. ಕೆಲಸದವರು ನಾಚಿ ಬಾಯಿ ತೆರೆಯುವುದಿಲ್ಲ ಎನ್ನಬೇಡಿ. ಮನೆಯೊಡತಿ ಕವಳ ಉಗಿದು, ಬಾಯಿ ಮುಕ್ಕಳಿಸಿ, ಬ್ಯಾಟರಿಯ ಎದುರು ಮೊದಲು ತಾನೇ ಕೂರಲಿ.