ಹೊಳೆಯ ಬಸವನಹುಳು ಮನೆಗೆ ತರುವ ಮುನ್ನ

ಮಲೆನಾಡಿನ ಹೊಳೆಗೆ ಹೋದವರು ನೀರಿನ ಬಾಟಲಿಯಲ್ಲಿ ನಾಲ್ಕಾರು ಬಸವನಹುಳು ಹಾಕಿಕೊಂಡು ಬರುವುದುಂಟು. ಮನೆಯ ಮೀನಿನ ತೊಟ್ಟಿಯ ಪಾಚಿ ತಿನ್ನಲಿ ಎಂಬ ಆಸೆ ಒಂದು ಕಡೆ, ಮಕ್ಕಳ ಹಟ ಇನ್ನೊಂದು ಕಡೆ. ಗದರಿಸಿ ಬೇಡವೆನ್ನಲು ಇದನ್ನು ಬರೆಯುತ್ತಿಲ್ಲ; ಹುಳು ಕಂಡು ಕಣ್ಣರಳಿಸುವ ಮಕ್ಕಳೇ ಈಗ ಅಪರೂಪ. ಬಾಟಲಿಗೆ ಹಾಕುವ ಮೊದಲು ಒಮ್ಮೆ ತಿರುಗಿಸಿ ನೋಡಿ, ಅಷ್ಟೇ.

ಮುಟ್ಟಿದೊಡನೆ ಹುಳು ಒಳಸರಿದು ಚಿಪ್ಪಿನ ಬಾಯಿಗೆ ಮುಚ್ಚಳ ಬಿತ್ತೇ? ಮೈ ಗುಂಡಗಿದ್ದು ಮುಚ್ಚಳ ಸುಣ್ಣಗಟ್ಟಿ ಗಡುಸಾಗಿದ್ದರೆ ಅದು ಪೈಲಾ. ಬಾಯ್ಕಳಕ ಕೊಕ್ಕರೆಯ ಮುಖ್ಯ ಆಹಾರ ಅದು, ಅಲ್ಲೇ ಬಿಡಿ. ಮುಚ್ಚಳ ಉಗುರಿನಂತೆ ತೆಳುವಾಗಿ, ಅದರ ಮೇಲೆ ಒಂದರ ಸುತ್ತ ಒಂದು ಗೆರೆಯಿದ್ದು, ಚಿಪ್ಪಿನ ಉದ್ದಕ್ಕೂ ಕಂದು ಪಟ್ಟೆ ಸುತ್ತಿದ್ದರೆ ಬೆಲ್ಲಾಮಿಯಾ. ಮುಚ್ಚಳವೇ ಇಲ್ಲದೆ ಚಿಪ್ಪು ಚಪ್ಪಟೆಯಾಗಿ ಸುರುಳಿಗಟ್ಟಿದ್ದರೆ ಇಂಡೊಪ್ಲಾನಾರ್ಬಿಸ್. ದನಗಳಿಗೆ ಗೊರಕೆ ರೋಗ ತರುವ ಪರೋಪಜೀವಿ ಬೆಳೆಯುವುದು ಇದರೊಳಗೇ. ತೆಳು ಚಿಪ್ಪಿನ, ಮುಚ್ಚಳವಿಲ್ಲದ ಲಿಮ್ನಿಯಾ ಜಾನುವಾರುಗಳ ಈಲಿಗೆ ಹುಳು ಹತ್ತಿಸುತ್ತದೆ. ಇವೆರಡನ್ನೂ ಊರಿಂದೂರಿಗೆ ಸಾಗಿಸಬೇಡಿ.

ಜಲಪಾತದ ಒದ್ದೆ ಬಂಡೆಗೆ ಕಚ್ಚಿಕೊಂಡ ಪುಟ್ಟ ಹುಳುವನ್ನಂತೂ ಕೀಳಲೇಬೇಡಿ. ಅದು ಕ್ರೆಮ್ನೊಕಾಂಕಸ್ ಇರಬಹುದು. ಅದರ ದಾಯಾದಿಗಳೆಲ್ಲ ಕಡಲತೀರದಲ್ಲಿವೆ. ಸಿಹಿನೀರಿಗೆ ಒಗ್ಗಿದ ಈ ಕುಲ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ. ಆಗುಂಬೆಯ ಹೆಸರು ಹೊತ್ತ ಪ್ರಭೇದವೂ ಇದರಲ್ಲಿದೆ. ಅಭಯಾರಣ್ಯದ ಹೊಳೆಯಾದರೆ 1972ರ ವನ್ಯಜೀವಿ ಕಾಯ್ದೆಯೂ ಅಡ್ಡ ಬರುತ್ತದೆ.

ತರಲೇಬೇಕೆಂದಿದ್ದರೆ ಬೆಲ್ಲಾಮಿಯಾ ಎರಡೋ ಮೂರೋ ಸಾಕು. ಬಲಗಡೆಯ ಮೀಸೆ ಗಿಡ್ಡಗೆ, ದಪ್ಪಗಿದ್ದರೆ ಗಂಡು. ಹೆಣ್ಣು ಮೊಟ್ಟೆಯಿಡದೆ ಚಿಪ್ಪು ಹೊತ್ತ ಮರಿಗಳನ್ನೇ ಹಾಕುತ್ತದೆ, ನೋಡಲು ಚಂದ. ಆದರೆ ಇದು ಗಾಜು ಒರೆಸುವ ಆಳಲ್ಲ. ನೀರಿನಲ್ಲಿ ತೇಲುವ ಕಣಗಳನ್ನು ಸೋಸಿ ತಿನ್ನುವುದರಿಂದ ಹೊಸದಾಗಿ ತೊಳೆದಿಟ್ಟ ತೊಟ್ಟಿಯಲ್ಲಿ ಹಸಿದೇ ಸಾಯುತ್ತದೆ. ಚಿಪ್ಪಿನ ತುದಿ ಬೆಳ್ಳಗೆ ಸವೆಯುತ್ತಿದ್ದರೆ ನೀರಿಗೆ ಸುಣ್ಣದಂಶ ಸಾಲದು ಎಂದರ್ಥ. ಮೀನಿಗೆ ಹಾಕುವ ತಾಮ್ರದ ಔಷಧ ಇದಕ್ಕೆ ವಿಷ. ಮೊದಲ ಕೆಲವು ವಾರ ಬೇರೆ ಪಾತ್ರೆಯಲ್ಲಿಡಿ, ಮುಟ್ಟಿದ ಕೈಗೆ ಸೋಪು ಹಾಕಿ. ಅಲುಗದೆ ಬಿದ್ದಿರುವ ಹುಳುವನ್ನು ಎತ್ತಿ ಮೂಸಿ; ಸತ್ತಿದ್ದರೆ ಆ ನಾತ ಯಾರಿಗೂ ತಪ್ಪದು. ಹಾಗೇ ಬಿಟ್ಟರೆ ಮೀನುಗಳೂ ಹೋಗುತ್ತವೆ.

ನನ್ನ ದೊಡ್ಡ ಕಳಕಳಿ ಮುಂದಿನದು. ಸಾಕಿ ಬೇಸರವಾದಾಗ ಬಕೆಟ್ಟು ಹೊತ್ತು ಕೆರೆಯ ಕಡೆ ನಡೆಯುತ್ತೇವಲ್ಲ, ಪುಣ್ಯದ ಕೆಲಸವೆಂದು! 1847ರಲ್ಲಿ ಕಲ್ಕತ್ತದ ತೋಟವೊಂದರಲ್ಲಿ ಬಿಟ್ಟ ಆಫ್ರಿಕದ ಬಸವನಹುಳುವಿನ ಸಂತತಿಯನ್ನು ನಮ್ಮ ರೈತರು ಇಂದಿಗೂ ಮಳೆಗಾಲದ ರಾತ್ರಿ ಟಾರ್ಚು ಹಿಡಿದು ಆರಿಸುತ್ತಿದ್ದಾರೆ. ಅಕ್ವೇರಿಯಂ ಅಂಗಡಿಯ ಹಳದಿ ಬಸವನಹುಳುವೂ ದಕ್ಷಿಣ ಅಮೆರಿಕದ್ದು. ಹೆಚ್ಚಾದ ಹುಳುಗಳನ್ನು ಸಾಕುವ ಗೆಳೆಯರಿಗೆ ಕೊಡಿ. ತೊಟ್ಟಿಯ ಗಾಜಿಗೆ ಅಂಟಿದ ಮೊಟ್ಟೆಗೊಂಚಲನ್ನು ಫ್ರೀಜರಿನಲ್ಲಿಟ್ಟು ಕಸಕ್ಕೆ ಹಾಕಿ. ಅಂಗಡಿ ಮೀನಿನ ಜೊತೆ ಇದ್ದ ಹುಳುವನ್ನು, ತಂದ ಹೊಳೆಗೇ ಆದರೂ, ಮರಳಿ ಬಿಡಬೇಡಿ.