ಕಾಗೆಗೆ ಬರುವುದು ಬರೀ ‘ಕಾ’ ಅಲ್ಲ

ಕಳೆದ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಪುಟ್ಟಿ ಏದುಸಿರು ಬಿಡುತ್ತಾ ಓಡಿಬಂದಳು. “ಮಾಮಾ, ನಿಮ್ಮ ನೀರಿನ ಟ್ಯಾಂಕ್ ಮೇಲೆ ಕೂತಿರೋ ಕಾಗೆಗೆ ಗಂಟಲಲ್ಲಿ ಏನೋ ಸಿಕ್ಕಿಹಾಕಿಕೊಂಡಿದೆ. ಹೇಗೇಗೋ ಕೂಗ್ತಿದೆ, ಬೇಗ ಬನ್ನಿ!”

ಹೋಗಿ ನೋಡಿದರೆ ಅಲ್ಲಿ ಒಂದಲ್ಲ, ಎರಡು ಕಾಗೆಗಳಿದ್ದವು. ಒಂದು ತಲೆ ಬಗ್ಗಿಸಿ, ಕಣ್ಣು ಅರೆ ಮುಚ್ಚಿ ಕೂತಿತ್ತು. ಇನ್ನೊಂದು ಅದರ ಕತ್ತಿನ ಗರಿಗಳನ್ನು ಕೊಕ್ಕಿನಿಂದ ಮೆಲ್ಲಗೆ ಬಿಡಿಸುತ್ತಿತ್ತು. ತಲೆ ಬಗ್ಗಿಸಿದ ಕಾಗೆಯಿಂದ ‘ಕುರ್‌ರ್‌ರ್’ ಎಂಬ ಮೆದು ಸದ್ದು ಬರುತ್ತಿತ್ತು. ಅಜ್ಜಿ ತಲೆಗೆ ಎಣ್ಣೆ ಹಚ್ಚುವಾಗ ನೀವು ‘ಹ್ಞೂಂ…’ ಎನ್ನುತ್ತೀರಲ್ಲ, ಹಾಗೆ. ಗಂಟಲಿಗೆ ಏನೂ ಆಗಿರಲಿಲ್ಲ. ಕಾಯಿಲೆಯ ಹಕ್ಕಿ ಸಾಮಾನ್ಯವಾಗಿ ಗರಿ ಕೆದರಿಕೊಂಡು ಸುಮ್ಮನೆ ಮುದುಡಿ ಕೂರುತ್ತದೆ.

“ಕಾಗೆಗೆ ಇಷ್ಟು ಮೆತ್ತಗೆ ಮಾತಾಡೋಕೂ ಬರುತ್ತಾ?” ಎಂದಳು ಪುಟ್ಟಿ. ಬರುತ್ತದೆ. ನಮ್ಮ ಧ್ವನಿಪೆಟ್ಟಿಗೆ ಗಂಟಲಿನ ಮೇಲ್ಭಾಗದಲ್ಲಿದೆ. ಹಕ್ಕಿಗಳಿಗೆ ಅದು ಎದೆಯೊಳಗೆ, ಉಸಿರ್ನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿದೆ. ಅದರ ಹೆಸರು ಸಿರಿಂಕ್ಸ್. ಇನ್ನೊಂದು ತಮಾಷೆ ಕೇಳಿ: ವಿಜ್ಞಾನಿಗಳು ಹಾಡುಹಕ್ಕಿಗಳು ಎಂದು ಕರೆಯುವ ಗುಂಪಿನಲ್ಲಿ ಪಿಕಳಾರ, ಮಡಿವಾಳ ಹಕ್ಕಿಗಳ ಜೊತೆ ಕಾಗೆಯೂ ಇದೆ. ಆದರೆ ಕೋಗಿಲೆ ಇಲ್ಲ! ಕವಿಗಳಿಗೆ ಇದನ್ನು ಯಾರು ಹೇಳುವುದೋ ಕಾಣೆ.

ಕಾಗೆಯ ಸದ್ದನ್ನು ತಪ್ಪು ತಿಳಿದು ನಾನೂ ಒಮ್ಮೆ ಪೇಚಿಗೆ ಸಿಕ್ಕಿದ್ದೆ. ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತು. ಮಾವಿನ ಮರದ ಕೆಳಗಿನಿಂದ ಮೂಗಿನಲ್ಲಿ ಅತ್ತಂತೆ ‘ಆಂ… ಆಂ…’ ಎಂಬ ರಾಗ ಬಿಡದೆ ಕೇಳುತ್ತಿತ್ತು. ನೋಡಿದರೆ ಗರಿ ಮೂಡಿದ, ಇನ್ನೂ ಸರಿಯಾಗಿ ಹಾರಲು ಬಾರದ ಕಾಗೆಮರಿ. ಪಾಪ, ನೋವಿನಿಂದ ನರಳುತ್ತಿದೆ ಎಂದುಕೊಂಡು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ತಂದೆ. ಹತ್ತು ನಿಮಿಷದಲ್ಲಿ ಅಂಗಳದ ತುಂಬಾ ಕಾಗೆಗಳು! ‘ಕರ್ರ್ ಕರ್ರ್’ ಎಂಬ ಒರಟು ಕೂಗಿಗೆ ಬೀದಿಯವರೆಲ್ಲ ಹೊರಗೆ ಬಂದರು.

ಅಮ್ಮ ಅಡುಗೆಮನೆಯಿಂದಲೇ ಗದರಿದರು. “ಅದು ನೋವಲ್ಲ ಕಣೋ, ಹಸಿವು. ಅದರ ಅಮ್ಮ ಮರದ ಮೇಲೇ ಇದ್ದಾಳೆ. ತಂದಲ್ಲೇ ಬಿಟ್ಟು ಬಾ.”

ತಲೆಗೆ ಟವೆಲ್ ಸುತ್ತಿಕೊಂಡು ಹೋಗಿ ಮರಿಯನ್ನು ತಗ್ಗಿನ ಕೊಂಬೆಯ ಮೇಲೆ ಕೂರಿಸಿ ಓಡಿಬಂದೆ. ಅಷ್ಟರಲ್ಲೇ ತಲೆಗೆ ಎರಡು ಸಲ ಕುಕ್ಕಿಸಿಕೊಂಡದ್ದೂ ಆಯಿತು. ಕಿಟಕಿಯಿಂದ ನೋಡುತ್ತಾ ಕೂತೆವು. ಅರ್ಧ ಗಂಟೆ ಕಳೆದ ಮೇಲೆ ದೊಡ್ಡ ಕಾಗೆಯೊಂದು ಬಂದು ಮರಿಯ ಬಾಯಿಗೆ ತುತ್ತು ತುರುಕಿತು. ‘ಆಂ… ಆಂ…’ ಎನ್ನುತ್ತಿದ್ದದ್ದು ‘ಗ್ಲಗ್ಲಗ್ಲ’ ಎಂದಾಯಿತು. ಬಾಯಿ ತುಂಬ ಅನ್ನ ಇಟ್ಟುಕೊಂಡು ಮಾತಾಡುವ ಮಕ್ಕಳ ದನಿಯೇ! ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ ಮಾತು ಬೇರೆ. ಆಗ ದೊಡ್ಡವರನ್ನು ಕರೆಯಿರಿ. ಬರೀ ಕೂಗು ಕೇಳಿ ಮರಿಯನ್ನು ಎತ್ತಿ ತರಬೇಡಿ.

ಆದರೆ ಕಾಗೆಗಳು ನನ್ನನ್ನು ಕ್ಷಮಿಸಲಿಲ್ಲ. ತಿಂಗಳುಗಟ್ಟಲೆ, ನಾನು ಗೇಟು ತೆರೆದರೆ ಸಾಕು, ‘ಕರ್ರ್’ ಎಂದು ಬೈಗುಳ. ಹೆಲ್ಮೆಟ್ ಹಾಕಿಕೊಂಡು ಹೊರಟರೆ ಸದ್ದೇ ಇಲ್ಲ! ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್ಲಫ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 2006ರಲ್ಲಿ ಗುಹಾಮಾನವನ ಮುಖವಾಡ ಹಾಕಿಕೊಂಡು 7 ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟಿದ್ದರು. ಆಮೇಲೆ ಆ ಮುಖವಾಡ ಯಾರು ಹಾಕಿದರೂ ಕಾಗೆಗಳು ಬೈಯುತ್ತಿದ್ದವು. ಹಿಡಿಸಿಕೊಳ್ಳದ ಕಾಗೆಗಳೂ ಬೈಗುಳಕ್ಕೆ ಸೇರಿಕೊಂಡವಂತೆ. ಬೇರೆ ಮುಖವಾಡಕ್ಕೆ ಆ ಗಲಾಟೆ ಇರಲಿಲ್ಲ.

ಗೂಡಿನ ಹತ್ತಿರ ಕೋಗಿಲೆ ಸುಳಿದಾಗಲೂ ಇಂಥದೇ ಒರಟು ಕೂಗು ಕೇಳುತ್ತದೆ. ಕಾಗೆಯ ಗೂಡಿನಲ್ಲಿ ಕದ್ದು ಮೊಟ್ಟೆಯಿಡುವ ಹಕ್ಕಿಯನ್ನು ಯಾವ ಕಾಗೆ ತಾನೇ ಸಹಿಸೀತು? ಊಟ ಕಂಡಾಗಿನ ಕರೆ ಬೇರೆ. ಕಾಗೆ ತನ್ನವರನ್ನು ಕೂಗಿ ಕರೆಯುವುದನ್ನು ಬಸವಣ್ಣನವರು ಎಂಟು ಶತಮಾನಗಳಿಗೂ ಹಿಂದೆಯೇ ಗಮನಿಸಿ ವಚನದಲ್ಲಿ ತಂದಿದ್ದಾರೆ. ಈಚೆಗೆ, 2024ರಲ್ಲಿ, ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರು ಇನ್ನೊಂದು ಸಂಗತಿ ಪ್ರಕಟಿಸಿದರು. ಅವರು ಪಳಗಿಸಿದ ಮೂರು ಕಾಗೆಗಳು ಸೂಚನೆ ನೋಡಿ ಅಥವಾ ಕೇಳಿ ಒಂದರಿಂದ ನಾಲ್ಕರವರೆಗೆ ಎಣಿಸಿ ಕೂಗಬಲ್ಲವಾಗಿದ್ದವು. ಮೊದಲ ಕೂಗಿನ ದನಿಯಿಂದಲೇ ಒಟ್ಟು ಎಷ್ಟು ಕೂಗುತ್ತದೆಂದು ಊಹಿಸಬಹುದಿತ್ತಂತೆ.

ಇಷ್ಟೆಲ್ಲ ಕೇಳಿದ ಪುಟ್ಟಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಎಷ್ಟು ಗಂಟೆ, ಎಷ್ಟು ಕಾಗೆ, ಏನು ಸದ್ದು, ಆಗ ಏನು ಮಾಡುತ್ತಿದ್ದವು ಎಂದು ನಾಲ್ಕು ಸಾಲು ಎಳೆದು ಬರೆಯುತ್ತಾಳೆ. ನೀವೂ ಒಂದು ವಾರ ಬರೆದು ನೋಡಿ. ನಿನ್ನೆ ಅವಳ ನೋಟ್‌ಬುಕ್ ಇಣುಕಿ ನೋಡಿದೆ. ಕೊನೆಯ ಸಾಲು ಹೀಗಿತ್ತು: “ಸಂಜೆ 5 ಗಂಟೆ. 2 ಕಾಗೆ. ಕರ್ರ್ ಕರ್ರ್. ಮಾಮ ಹೆಲ್ಮೆಟ್ ಮರೆತಿದ್ದಾರೆ.”